ಹೊಲದ ಮನೆಯಲ್ಲಿ ಅಪ್ಪ-ಅವ್ವ ಇಬ್ಬರೇ: ಭಾಗ ಬದಲಿಸುವ ಪಂಪ್ ಬಂದೂಕು ನಮಗೆ ಹೊಂದುತ್ತಾ?

ಆಳಂದ ರಸ್ತೆ

ಎಲ್ಲರಿಗೂ ಶರಣು. ನಮ್ಮ ಹೊಲ ಕಲಬುರಗಿಯಿಂದ ಆಳಂದ ಕಡೆ ಹೋಗುವ ದಾರಿಯಲ್ಲಿದೆ. ಅಪ್ಪ, ಅವ್ವ ಇಬ್ಬರೇ ಹೊಲದ ಮನೆಯಲ್ಲಿ ಇರುತ್ತಾರೆ. ಅಪ್ಪನಿಗೆ 66, ಅವ್ವನಿಗೆ 61. ನಾನು ನೌಕರಿಗಾಗಿ ಕಲಬುರಗಿ ಸೇರಿದ್ದೇನೆ. ಪಕ್ಕದ ಮನೆ ಅಂದ್ರೆ ಅರ್ಧ ಕಿಲೋಮೀಟರ್ ಆಚೆ.

ಹೋದ ತಿಂಗಳು ಬೋರ್‌ವೆಲ್ ಕೇಬಲ್ ಕದ್ದರು. ಅದು ಎಲ್ಲರ ಹೊಲದಲ್ಲೂ ಆಗುತ್ತಿದೆ ಅಂತ ಬಿಟ್ಟೆವು. ಆದರೆ ಹತ್ತು ದಿನದ ಹಿಂದೆ ರಾತ್ರಿ ಎರಡು ಗಂಟೆಗೆ ಯಾರೋ ಬಂದು ಬಾಗಿಲ ಚಿಲಕ ಅಲುಗಾಡಿಸಿದ್ದಾರೆ. ಅಪ್ಪ ಒಳಗಿನಿಂದ ಕೂಗಿದರೂ ಓಡಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನಿಂತು, ಆಮೇಲೆ ಹಿಂದಿನ ಬಾಗಿಲಿಗೆ ಹೋಗಿ ಅದನ್ನೂ ತಳ್ಳಿ ನೋಡಿದ್ದಾರೆ. ಅವತ್ತಿನಿಂದ ಅವ್ವ ಸರಿಯಾಗಿ ನಿದ್ದೆ ಮಾಡಿಲ್ಲ.

ಡಾಲಸ್‌ನಲ್ಲಿರುವ ನಮ್ಮ ಕಾಕಾನ ಮಗ ತನ್ನ ಮನೆಯ ಬಂದೂಕಿನ ವಿಡಿಯೊ ಕಳಿಸಿದ. ಮಾಸ್‌ಬರ್ಗ್ 500 ಫ್ಲೆಕ್ಸ್ ಅಂತ, ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ಕಾರ್ತೂಸು ಏರಿಸುವ ಪಂಪ್ ಬಂದೂಕು. ಪಾನಾ, ಸ್ಕ್ರೂಡ್ರೈವರ್ ಏನೂ ಇಲ್ಲದೆ ಬಟ್, ಅಂದ್ರೆ ಭುಜಕ್ಕೆ ಆನಿಸುವ ಹಿಂಭಾಗ, ಕಳಚಿ ಬೇರೆ ಬಟ್ ಹಾಕಿದ. ಮುಂದಿನ ಹಿಡಿಯನ್ನೂ ಹಾಗೇ ಬದಲಿಸಿದ. ಒಂದೇ ಬಂದೂಕು ಅಪ್ಪನಿಗೂ ಅವ್ವನಿಗೂ ಹೊಂದುತ್ತದಲ್ಲ ಅಂತ ಆಸೆಯಾಯಿತು. ಇಂಥದ್ದು ನಮ್ಮ ಕಡೆ ಸಿಗುತ್ತಾ? ಮನೆ ಕಾಯಲು ಇದು ಒಳ್ಳೆಯದಾ? ಗೊತ್ತಿದ್ದವರು ಹೇಳಿ.

ಸೇಡಂ ಬಿಸಿಲು

ಮೊದಲು 112ಕ್ಕೆ ಫೋನ್ ಮಾಡಿದ್ರಾ? ಠಾಣೆಯಲ್ಲಿ ಬರೆಸಿದ್ರಾ? ಬಂದೂಕಿನ ಮಾತು ಆಮೇಲೆ.

ಆಳಂದ ರಸ್ತೆ

ಬೆಳಿಗ್ಗೆ ಹೋಗಿ ಬರೆದು ಕೊಟ್ಟಿದ್ದೇವೆ. ಎರಡು ರಾತ್ರಿ ಬೀಟ್ ಪೊಲೀಸರು ಬಂದು ಹೋದರು.

ವಕೀಲರ ಓಣಿ

ತಮ್ಮಾ, ಆ ಬರೆದುಕೊಟ್ಟ ಅರ್ಜಿಯ ನಕಲು ಜೋಪಾನವಾಗಿ ಇಡು. ಲೈಸೆನ್ಸ್ ಕೇಳುವಾಗ ಅದೇ ನಿನ್ನ ದೊಡ್ಡ ದಾಖಲೆ.

ಅಮೆರಿಕದಿಂದ ತರಿಸುವ ಆಸೆ ಮಾತ್ರ ಬಿಟ್ಟುಬಿಡು. ಸಾಮಾನ್ಯ ಜನ ವಿದೇಶಿ ಬಂದೂಕು ತರಿಸಿಕೊಳ್ಳುವುದಕ್ಕೆ 1980ರ ದಶಕದಿಂದಲೇ ತಡೆ ಇದೆ. ಇಲ್ಲಿ ಕೈ ಬದಲಾಗುವ ವಿದೇಶಿ ಬಂದೂಕುಗಳು ಬಹುಪಾಲು ಹಳೆಯವು. ಬೆಲೆ ಕೇಳಿದರೆ ಎದೆ ಒಡೆಯುತ್ತದೆ.

ಇನ್ನು ನಳಿಗೆ. ಮನೆ ಕಾಯಲು ಅಲ್ಲಿ ಮಾರುವ ಪಂಪ್‌ಗಳ ನಳಿಗೆ ಸಾಮಾನ್ಯವಾಗಿ ಹದಿನೆಂಟೂವರೆ ಇಂಚು. ಅಲ್ಲಿನ ಕಾನೂನಿಗೆ 18 ಇಂಚು ಇದ್ದರೆ ಸಾಕು. ನಮ್ಮ 1959ರ ಆರ್ಮ್ಸ್ ಆ್ಯಕ್ಟ್‌ನ 13ನೇ ಸೆಕ್ಷನ್ ರಕ್ಷಣೆಗೆ ಅಂತ ಹೇಳುವುದು 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ಬಂದೂಕನ್ನು. ಉದ್ದದ್ದು ತಂದು ಕತ್ತರಿಸಿ ಗಿಡ್ಡ ಮಾಡಿಸುತ್ತೇನೆ ಅಂದರೆ 6ನೇ ಸೆಕ್ಷನ್ ಅಡಿ ಅದೇ ಒಂದು ಅಪರಾಧ. ಬಿಡಿ ನಳಿಗೆಯನ್ನು ಬೇರೆಯಾಗಿ ತಂದಿಟ್ಟುಕೊಂಡರೂ ಕಾನೂನಿನ ಕಣ್ಣಿಗೆ ಅದು ಶಸ್ತ್ರವೇ. ಬೈಕಿನ ಸೈಲೆನ್ಸರ್ ಬದಲಿಸಿದಷ್ಟು ಸಲೀಸಲ್ಲ.

ಡಾಲಸ್ ಕನ್ನಡಿಗ

ಆ ವಿಡಿಯೊ ಕಳಿಸಿದವನು ನಾನೇ. ತಮ್ಮ ಇಲ್ಲಿ ಕೇಳಿದ್ದು ಒಳ್ಳೆಯದಾಯಿತು. ನಾಲ್ಕು ವರ್ಷ ಬಳಸಿದ ಮೇಲೆ ನನಗೆ ಅನಿಸಿದ್ದನ್ನು ಪೂರ್ತಿ ಬರೆಯುತ್ತೇನೆ.

500 ಮಾದರಿ 1960ರ ದಶಕದ ಆರಂಭದ್ದು. ಒಳಗಿನ ಯಂತ್ರ ಹಳೆಯದು, ಸರಳ, ನಂಬಬಹುದು. ಸೇಫ್ಟಿ ಗುಂಡಿ ಮೇಲ್ಗಡೆ, ಹೆಬ್ಬೆರಳಿನ ಕೆಳಗೇ ಬರುತ್ತದೆ. ಎಡಗೈಯವರಿಗೂ ಬಲಗೈಯವರಿಗೂ ಒಂದೇ. ಫ್ಲೆಕ್ಸ್ ಬಂದದ್ದು 2012ರಲ್ಲಿ. ಅದರಲ್ಲಿ ಹೊಸದು ಅಂದ್ರೆ ಕಳಚಿ ಹಾಕುವ ಬಟ್, ಮುಂದಿನ ಹಿಡಿ ಮತ್ತು ಭುಜಕ್ಕೆ ಒತ್ತುವ ರಬ್ಬರ್ ಪ್ಯಾಡ್. ನನ್ನ ಹೆಂಡತಿ ಐದು ಅಡಿ ಎತ್ತರ. ನನ್ನ ಬಟ್ ಹಾಕಿದರೆ ಅವಳ ಕೈ ಮುಂದಿನ ಹಿಡಿಗೆ ಸರಿಯಾಗಿ ಎಟಕುವುದೇ ಇಲ್ಲ. ಗಿಡ್ಡ ಬಟ್ ಹಾಕಿದ ದಿನ ಗುರಿ ಎಷ್ಟು ಸುಧಾರಿಸಿತು ಅಂದ್ರೆ ನನಗೇ ಆಶ್ಚರ್ಯ. ಇದೊಂದು ನಿಜವಾದ ಲಾಭ.

ಆದರೆ ವಿಡಿಯೊದಲ್ಲಿ ಹೇಳದ ಮಾತು ಒಂದಿದೆ. ನಳಿಗೆ ಯಾವುದನ್ನು ಬೇಕಾದರೂ ಹಾಕಬಹುದು ಅಂತ ಜನ ತಿಳಿಯುತ್ತಾರೆ. ಹಾಗಿಲ್ಲ. ನಳಿಗೆಯ ಕೆಳಗಿರುವ ಕಾರ್ತೂಸು ಕೊಳವೆಯ ಉದ್ದಕ್ಕೆ ಹೊಂದಬೇಕು. ನನ್ನದು ಐದು ಕಾರ್ತೂಸು ಹಿಡಿಯುವ ಕೊಳವೆ. ಇದಕ್ಕೆ ಹದಿನೆಂಟೂವರೆ ಇಂಚಿನದೂ ಬರುತ್ತದೆ, ಹಕ್ಕಿ ಬೇಟೆಯ 28 ಇಂಚಿನದೂ ಬರುತ್ತದೆ. ಏಳು ಹಿಡಿಯುವ ಉದ್ದ ಕೊಳವೆಯ 500ಕ್ಕೆ ಅದಕ್ಕೇ ಮಾಡಿದ 20 ಇಂಚಿನ ನಳಿಗೆಯೇ ಬೇಕು.

ಬಟ್ ಬದಲಿಸುವುದನ್ನು ಮೊದಲ ತಿಂಗಳು ದಿನಾ ಮಾಡಿದೆ. ಈಗ ಗಿಡ್ಡ ಬಟ್ ಹಾಕಿ ಹಾಗೇ ಬಿಟ್ಟಿದ್ದೇನೆ. ನನಗೆ ಸ್ವಲ್ಪ ಇಕ್ಕಟ್ಟು, ಆದರೆ ಇಬ್ಬರಿಗೂ ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಯಾರೂ ಬಟ್ ಬದಲಿಸುತ್ತಾ ಕೂರುವುದಿಲ್ಲ.

ಹುಮನಾಬಾದ್ ಹವಾಲ್ದಾರ

ನಾನು ಸೈನ್ಯದಲ್ಲಿ 17 ವರ್ಷ ಇದ್ದು ಬಂದವನು. ಡಾಲಸ್ ತಮ್ಮ ಹೇಳಿದ್ದು ಸರಿ ಇದೆ. ಒಂದು ಮಾತು ಸೇರಿಸುತ್ತೇನೆ.

ಈ ಭಾಗ ಬದಲಿಸುವ ವ್ಯವಸ್ಥೆ ಹುಟ್ಟಿದ್ದು ಯಾಕೆ? ಹಗಲು ಉದ್ದ ನಳಿಗೆ ಹಾಕಿ ಬೇಟೆಗೆ ಹೋಗು, ರಾತ್ರಿ ಗಿಡ್ಡ ನಳಿಗೆ ಹಾಕಿ ಮನೆ ಕಾಯಿ. ಗಂಡ, ಹೆಂಡತಿ, ಮಗ ಮೂವರೂ ಒಂದೇ ಬಂದೂಕು ಬಳಸಿ. ಅಲ್ಲಿ ಸರಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಬೇಟೆಯೇ ಇಲ್ಲ, ಎರಡನೇ ನಳಿಗೆಯನ್ನು ತಗೊಂಡು ಏನು ಮಾಡುತ್ತೀರಿ? ಲೈಸೆನ್ಸ್ ಒಬ್ಬರ ಹೆಸರಿಗೆ ಬರುತ್ತದೆ, ಮೂವರ ಬಟ್ ಯಾಕೆ? ಹಾಗೆ ನೋಡಿದರೆ ಈ ಮಾಡ್ಯುಲರ್, ಅಂದ್ರೆ ಭಾಗ ಬದಲಿಸುವುದು, ಅನ್ನುವುದರಲ್ಲಿ ನಮಗೆ ಉಳಿಯುವುದು ಒಂದೇ. ಹಿಡಿಯುವ ಒಬ್ಬ ಮನುಷ್ಯನ ಕೈ ಅಳತೆಗೆ ಬಟ್ ಇರಬೇಕು ಅನ್ನುವುದು. ಅದನ್ನು ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಮರದ ಬಟ್ಟನ್ನೇ ಅಳತೆಗೆ ತಂದು ಸರಿಮಾಡಿಸಬಹುದು.

ಪಂಪ್ ಬೇಕೇ ಬೇಕು ಅಂದ್ರೆ ತಿರುಚಿರಾಪಳ್ಳಿಯ ಸರ್ಕಾರಿ ಕಾರ್ಖಾನೆ ಮಾಡಿದ 12 ಬೋರ್ (ಬೋರ್ ಅಂದ್ರೆ ನಳಿಗೆಯ ಒಳ ಅಳತೆ) ಪಂಪ್ ಇದೆ. ಆದರೆ 66 ವರ್ಷದವರಿಗೆ ನಾನು ಅದನ್ನೂ ಹೇಳುವುದಿಲ್ಲ. ಪಂಪನ್ನು ಪೂರ್ತಿ ಹಿಂದೆ ಎಳೆದು ಪೂರ್ತಿ ಮುಂದೆ ತಳ್ಳಬೇಕು. ಗಾಬರಿಯಲ್ಲಿ ಅರ್ಧ ಎಳೆದು ಬಿಟ್ಟರೆ ಖಾಲಿ ಕಾರ್ತೂಸು ಒಳಗೇ ಸಿಕ್ಕಿಕೊಳ್ಳುತ್ತದೆ. ತರಬೇತಿ ಆದ ಹುಡುಗರೇ ಈ ತಪ್ಪು ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಡಬಲ್ ಬ್ಯಾರಲ್‌ಗೆ, ಅಂದ್ರೆ ಜೋಡು ನಳಿಗೆಯದಕ್ಕೆ, ಆ ಚಿಂತೆ ಇಲ್ಲ. ಮಡಚಿದರೆ ತುಂಬಿದೆಯೋ ಖಾಲಿಯೋ ಕಣ್ಣಿಗೆ ಕಾಣುತ್ತದೆ. ಅಪ್ಪಾಜಿ ಅವರಂಥ ಹಿರಿಯರಿಗೆ ಅದೇ ಸರಿ.

ಯಾದಗಿರಿ ಕೋಟೆ

ಹವಾಲ್ದಾರ್ ಸರ್, ಡಬಲ್ ಬ್ಯಾರಲ್‌ನಲ್ಲಿ ಎರಡೇ ಗುಂಡು. ಬಂದವರು ನಾಲ್ಕು ಜನ ಇದ್ರೆ?

ಹುಮನಾಬಾದ್ ಹವಾಲ್ದಾರ

ನಾಲ್ಕು ಜನರ ಮೇಲೂ ಹಾರಿಸುವ ಯೋಚನೆಯಲ್ಲಿ ಬಂದೂಕು ಇಡಬಾರದು ತಮ್ಮಾ. ಬಾಗಿಲು ಮುರಿದು ಒಳಗೆ ಬಂದು ಜೀವಕ್ಕೇ ಕೈ ಹಾಕಿದಾಗ, ಬೇರೆ ದಾರಿ ಇಲ್ಲದಾಗ ಮಾತ್ರ ಅದು.

ಬೀದರ್ ಕೆಂಪುಕಲ್ಲು

ಪಂಪ್ ಎಳೆದ ಸದ್ದು ಕೇಳಿದರೆ ಸಾಕು ಕಳ್ಳ ಓಡುತ್ತಾನೆ ಅಂತಾರಲ್ಲ. ಅದಕ್ಕೇ ಪಂಪ್ ಒಳ್ಳೆಯದು ಅನ್ನುವುದು ನನ್ನ ಮಾತು.

ಡಾಲಸ್ ಕನ್ನಡಿಗ

ಇಲ್ಲೂ ಅದೇ ಮಾತು ಓಡಾಡುತ್ತದೆ. ಓಡಿದರೆ ಒಳ್ಳೆಯದೇ. ಓಡದಿದ್ದರೆ? ನೀವು ಯಾವ ಕೋಣೆಯಲ್ಲಿ ಇದ್ದೀರಿ ಅಂತ ಅವನಿಗೆ ನೀವೇ ಹೇಳಿದಂತಾಯಿತು. ನಮ್ಮ ದೊಡ್ಡಪ್ಪ ಕೂಗಿದಾಗಲೇ ಅವರು ಓಡಿಲ್ಲ ಅನ್ನುವುದನ್ನು ನೆನಪಿಡಿ.

ಇನ್ನೊಂದು ತಪ್ಪು ತಿಳುವಳಿಕೆ. 12 ಬೋರ್ ಅಂದ್ರೆ ಗುಂಡು ಚದುರುತ್ತದೆ, ಗುರಿ ಬೇಡ ಅಂತ. ಸುಮಾರು ಲೆಕ್ಕಕ್ಕೆ ಒಂದು ಗಜಕ್ಕೆ ಒಂದು ಇಂಚು ಹರಡುತ್ತದೆ. ಕೋಣೆಯ ಒಳಗೆ ನಾಲ್ಕೈದು ಗಜ ದೂರ ಅಂದ್ರೆ ಒಂದು ಅಂಗೈ ಅಗಲ ಅಷ್ಟೇ. ಗುರಿ ಬೇಕೇ ಬೇಕು. ಮುಚ್ಚಿದ ಕೋಣೆಯಲ್ಲಿ ಸದ್ದು 150 ಡೆಸಿಬಲ್ ದಾಟುತ್ತದೆ, 140ಕ್ಕೇ ಕಿವಿಗೆ ಪೆಟ್ಟು. ಹಾರಿಸಿದವರ ಕಿವಿಯೂ ಹೋಗಬಹುದು.

ಶಹಾಬಾದ್ ಫರಸಿ

ಗೋಡೆ ಬಗ್ಗೆ ಯಾರೂ ಮಾತಾಡಿಲ್ಲ. ನಾನು ಕಲ್ಲಿನ ಕೆಲಸದವನು, ಅದಕ್ಕೇ ಹೇಳುತ್ತೇನೆ.

ಅಮೆರಿಕದ ಮನೆಗಳ ಒಳಗೋಡೆ ಕಟ್ಟಿಗೆಯ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು. ಅಲ್ಲಿಯವರಿಗೆ ಗುಂಡು ಪಕ್ಕದ ಕೋಣೆಗೆ ಹೋಗುತ್ತದೆ ಅನ್ನುವ ಚಿಂತೆ. ನಮ್ಮ ಕಡೆ ಮನೆ ಅಂದ್ರೆ ಕಲ್ಲು, ಮಣ್ಣಿನ ದಪ್ಪ ಗೋಡೆ, ಕೆಳಗೆ ಶಹಾಬಾದ್ ಫರಸಿ, ಎಷ್ಟೋ ಕಡೆ ಮೇಲೂ ಕಲ್ಲಿನ ಹಾಸು. ಇಲ್ಲಿ ಗುಂಡು ಗೋಡೆ ದಾಟುವುದಿಲ್ಲ, ಸಿಡಿದು ವಾಪಸ್ ಬರುತ್ತದೆ. ಸೀಸದ ಚೂರು, ಕಲ್ಲಿನ ಚೂರು ಎರಡೂ. ಸಣ್ಣ ಕೋಣೆಯಲ್ಲಿ ಅವ್ವನವರು ಪಕ್ಕದಲ್ಲೇ ಇದ್ದರೆ ಏನು ಗತಿ?

ಬಾಗಿಲು ತಗಡಿನದು ಅಂದ್ರೆ ಇನ್ನೊಂದು ಕಷ್ಟ. ತಗಡನ್ನು ಗುಂಡು ಕಾಗದದಂತೆ ದಾಟುತ್ತದೆ. ಹೊಲದಲ್ಲಿ ಆಳುಮಕ್ಕಳ ಶೆಡ್ ಇದೆಯಾ? ಅದೂ ತಗಡಿನದೇ ಅಲ್ವಾ?

ಆಳಂದ ರಸ್ತೆ

ಇದೆ ಕಾಕಾ. ಹಿಂದಿನ ಬಾಗಿಲಿಗೆ ನೇರ ಎದುರು, ಇಪ್ಪತ್ತು ಹೆಜ್ಜೆ ದೂರದಲ್ಲಿ. ತೊಗರಿ ಕಟಾವಿನ ಹೊತ್ತಿಗೆ ಒಂದು ಸಂಸಾರ ಬಂದು ಅಲ್ಲೇ ಇರುತ್ತದೆ, ಸಣ್ಣ ಮಕ್ಕಳ ಜೊತೆ. ಇದು ನನ್ನ ತಲೆಗೆ ಬಂದೇ ಇರಲಿಲ್ಲ.

ಬಸವಕಲ್ಯಾಣದ ಅಕ್ಕ

ನಮ್ಮ ತವರು ಮನೆಯಲ್ಲಿ ಅಜ್ಜನ ಕಾಲದ ಜೋಡು ನಳಿಗೆ ಬಂದೂಕು ಇತ್ತು. ನಿಜಾಮರ ಕಾಲದ್ದು. 1948ರ ಗಲಾಟೆಯಲ್ಲಿ ಓಣಿ ಕಾಯಲು ಹಿರಿಯರು ಅದನ್ನು ಹಿಡಿದು ಮಾಳಿಗೆ ಮೇಲೆ ಕೂರುತ್ತಿದ್ದರಂತೆ. ಹಾಗಾಗಿ ಅದರ ಮೇಲೆ ನಮ್ಮೆಲ್ಲರಿಗೂ ಬಲು ಅಭಿಮಾನ. ಪಡಸಾಲೆಯ ಗೂಟಕ್ಕೆ ತೂಗುಹಾಕಿರುತ್ತಿದ್ದರು.

ನನಗೆ ಒಂಬತ್ತು ವರ್ಷ ಇದ್ದಾಗ ನನ್ನ ಅಣ್ಣ ಕುರ್ಚಿ ಹಾಕಿ ಅದನ್ನು ಇಳಿಸಿದ. ಖಾಲಿ ಇದೆ ಅಂತ ಮನೆಯವರೆಲ್ಲ ಅಂದುಕೊಂಡಿದ್ದರು. ಹಿಂದಿನ ರಾತ್ರಿ ನಾಯಿ ಬೊಗಳಿತು ಅಂತ ಅಪ್ಪ ಒಂದು ಕಾರ್ತೂಸು ಹಾಕಿ, ತೆಗೆಯುವುದು ಮರೆತಿದ್ದರು. ಗುಂಡು ಮಾಳಿಗೆಯ ತೊಲೆಗೆ ಹೊಡೆಯಿತು. ಅಣ್ಣನ ತಲೆಯಿಂದ ಒಂದು ಗೇಣು ಮೇಲೆ. ಅವ್ವ ಅವನನ್ನು ಅಪ್ಪಿಕೊಂಡು ಕೂತವಳು ಸಂಜೆವರೆಗೂ ಬಿಡಲಿಲ್ಲ. ನನಗೆ ಈಗ 48. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಆಮೇಲೆ ಅಪ್ಪ ಕಬ್ಬಿಣದ ಪೆಟ್ಟಿಗೆ ಮಾಡಿಸಿದರು. ಬಂದೂಕು ಒಂದು ಕಡೆ, ಕಾರ್ತೂಸು ಇನ್ನೊಂದು ಕಡೆ, ಎರಡು ಬೀಗ. ತಮ್ಮಾ, ನಿಮ್ಮ ಮನೆಗೆ ರಜೆಯಲ್ಲಿ ಮೊಮ್ಮಕ್ಕಳು ಬರುತ್ತಾರಾ?

ಆಳಂದ ರಸ್ತೆ

ನನ್ನ ಮಗಳು ನಾಲ್ಕನೇ ಕ್ಲಾಸ್ ಅಕ್ಕಾ. ಬೇಸಿಗೆ ರಜೆ ಪೂರ್ತಿ ಅಲ್ಲೇ ಇರುತ್ತಾಳೆ.

ಯಾದಗಿರಿ ಕೋಟೆ

ಎರಡು ಬೀಗ ಹಾಕಿ ಇಟ್ಟರೆ ಕಳ್ಳ ಬಂದಾಗ ತೆಗೆಯುವುದು ಯಾವಾಗ? ಅಕ್ಕಾ, ಕ್ಷಮಿಸಿ, ಆದರೆ ಬೀಗದಲ್ಲಿರುವ ಬಂದೂಕು ಇದ್ದೂ ಇಲ್ಲದಂತೆ.

ಬಸವಕಲ್ಯಾಣದ ಅಕ್ಕ

ಮಗು ಇರುವ ಮನೆಯಲ್ಲಿ ಬೀಗ ಇಲ್ಲದೆ ಇಡುವುದಾದರೆ ತರಲೇಬೇಡಿ. ಈ ಮಾತಿನಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ.

ವಕೀಲರ ಓಣಿ

ಅಕ್ಕಾವ್ರ ಮಾತಿಗೆ ಕಾನೂನೂ ಜೊತೆಗಿದೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಅರ್ಜಿ ಹಾಕುವಾಗಲೇ ಸುರಕ್ಷಿತವಾಗಿ ಇಡುತ್ತೇನೆ ಅಂತ ಬರೆದುಕೊಡಬೇಕು. ವೈದ್ಯರ ಸರ್ಟಿಫಿಕೇಟ್ ಬೇಕು, ಬಂದೂಕು ಸುರಕ್ಷತೆಯ ತರಬೇತಿಯೂ ಬೇಕು. ವಯಸ್ಸು 21 ಆಗಿರಬೇಕು. ಕಲಬುರಗಿ ನಗರದ ಮಿತಿಯಲ್ಲಿದ್ದರೆ ಪೊಲೀಸ್ ಕಮಿಷನರ್ ಕಚೇರಿ, ಹಳ್ಳಿಯಲ್ಲಿದ್ದರೆ ಜಿಲ್ಲಾಧಿಕಾರಿ ಕಚೇರಿ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಅವಧಿ ಐದು ವರ್ಷ. ಒಬ್ಬರು ಎರಡಕ್ಕಿಂತ ಜಾಸ್ತಿ ಬಂದೂಕು ಇಡುವಂತಿಲ್ಲ.

ತಮ್ಮಾ, ಒಂದು ಮಾತು ಚೆನ್ನಾಗಿ ತಿಳಿದುಕೋ. ಲೈಸೆನ್ಸ್ ನಿನ್ನ ಹೆಸರಿಗೆ ಮಾಡಿಸಿ, ಬಂದೂಕು ಹೊಲದ ಮನೆಯಲ್ಲಿಟ್ಟು, ನೀನು ಕಲಬುರಗಿಯಲ್ಲಿ ಮಲಗಿದರೆ ಅದು ತಪ್ಪು. ಅಪ್ಪನ ಹೆಸರಿಗೆ ಇದ್ದು, ಅವರು ಇಲ್ಲದಾಗ ಅವ್ವ ಎತ್ತಿದರೂ ಪ್ರಶ್ನೆ ಏಳುತ್ತದೆ. ಲೈಸೆನ್ಸ್‌ನಲ್ಲಿ ರಿಟೇನರ್ ಅಂತ ಇನ್ನೊಬ್ಬರ ಹೆಸರು ಸೇರಿಸಲು ಅವಕಾಶ ಇದೆ. ಅದನ್ನೂ ಕೇಳಿಯೇ ಪಡೆಯಬೇಕು.

ಸೇಡಂ ಬಿಸಿಲು

ಕೊಡಗಿನವರಿಗೆ ಲೈಸೆನ್ಸ್ ಬೇಡ ಅಂತಾರೆ. ನಮಗೆ ಮಾತ್ರ ಇಷ್ಟೆಲ್ಲ ಯಾಕೆ?

ವಕೀಲರ ಓಣಿ

ಅದು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. ಕೊಡವರಿಗೆ ಮತ್ತು ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಹೊಂದಿದವರಿಗೆ. ನಮ್ಮದು 1956ರವರೆಗೆ ಹೈದರಾಬಾದ್ ರಾಜ್ಯ. ಎರಡರ ಚರಿತ್ರೆಯೇ ಬೇರೆ.

ಚಿಂಚೋಳಿ ಹೊಲ

ಬಂದೂಕಿನ ಮಾತು ಬಂತಲ್ಲ, ನಮ್ಮ ಹೊಲಕ್ಕೆ ಕಾಡುಹಂದಿ, ಚಿಗರಿ ಕಾಟ ಹೇಳತೀರದು. ಕಡಲೆ ಪೂರ್ತಿ ತಿಂದು ಹಾಕಿವೆ. ಅದಕ್ಕೂ ಇದೇ ಲೈಸೆನ್ಸ್ ನಡೆಯುತ್ತಾ?

ವಕೀಲರ ಓಣಿ

ಬೆಳೆ ಕಾಯಲು ಅಂತ ಮದ್ದು ತುಂಬುವ ಹಳೆ ಮಾದರಿ ಬಂದೂಕಿಗೆ ಲೈಸೆನ್ಸ್ ಕೇಳಬಹುದು. ಆದರೆ ಲೈಸೆನ್ಸ್ ಬಂದ ಮಾತ್ರಕ್ಕೆ ಪ್ರಾಣಿ ಹೊಡೆಯಲು ಅನುಮತಿ ಸಿಕ್ಕಿತು ಅಂತಲ್ಲ. ಚಿಗರಿ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿದೆ, ಅಂದ್ರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಮುಟ್ಟಿದರೆ ಜೈಲು. ಬೆಳೆ ಹಾನಿ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ.

ಚಿಂಚೋಳಿ ಹೊಲ

ಪರಿಹಾರ ಬರುವ ಹೊತ್ತಿಗೆ ಮುಂದಿನ ಬಿತ್ತನೆ ಬಂದಿರುತ್ತದೆ. ಇರಲಿ, ಬೇರೆ ಚರ್ಚೆ ಹಾಕುತ್ತೇನೆ.

ಬೀದರ್ ಕೆಂಪುಕಲ್ಲು

ಕಾನೂನು ಕಾನೂನು ಅಂತೀರಿ. 2025ರ ಜನವರಿಯಲ್ಲಿ ನಮ್ಮ ಬೀದರ್‌ನಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬುವವರ ಮೇಲೆ ಗುಂಡು ಹಾರಿಸಿ ಹಣ ಹೊತ್ತುಕೊಂಡು ಹೋದರು. ಕೆಲಸಕ್ಕೆ ಅಂತ ಮನೆಯಿಂದ ಹೊರಟ ಮನುಷ್ಯ ವಾಪಸ್ ಬರಲಿಲ್ಲ. ಅವತ್ತಿನಿಂದ ನನ್ನ ಮನಸ್ಸು ಬದಲಾಗಿದೆ. ಕಳ್ಳರ ಹತ್ತಿರ ಬಂದೂಕು ಇರುತ್ತದೆ, ನಮ್ಮ ಹತ್ತಿರ ಬಡಿಗೆ. ಇದು ನ್ಯಾಯವಾ?

ಹುಮನಾಬಾದ್ ಹವಾಲ್ದಾರ

ನಿಮ್ಮ ಸಂಕಟ ಅರ್ಥವಾಗುತ್ತದೆ. ನಾನೂ ಅದೇ ಜಿಲ್ಲೆಯವನು, ಆ ಸುದ್ದಿ ಕೇಳಿ ಎರಡು ದಿನ ಊಟ ಸೇರಲಿಲ್ಲ. ಆದರೆ ಅದು ರಸ್ತೆಯಲ್ಲಿ ಕ್ಷಣಾರ್ಧದಲ್ಲಿ ಆದದ್ದು. ಮನೆಯ ಕಪಾಟಿನಲ್ಲಿರುವ ಬಂದೂಕು ಅಲ್ಲಿ ಯಾರನ್ನು ಉಳಿಸುತ್ತಿತ್ತು?

ವಕೀಲರ ಓಣಿ

ಹಾರಿಸಿದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಹೇಳಲೇಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು 34ರಿಂದ 44ನೇ ಸೆಕ್ಷನ್‌ವರೆಗೆ. 41ನೇ ಸೆಕ್ಷನ್ ಪ್ರಕಾರ ದರೋಡೆ ಆಗುತ್ತಿದ್ದರೆ, ಅಥವಾ ಸೂರ್ಯ ಮುಳುಗಿದ ಮೇಲೆ ಸೂರ್ಯ ಹುಟ್ಟುವ ಮುಂಚೆ ಮನೆ ಮುರಿದು ನುಗ್ಗಿದರೆ, ಆಸ್ತಿಯ ರಕ್ಷಣೆಗಾಗಿ ಪ್ರಾಣ ಹೋಗುವಂಥ ಪೆಟ್ಟಿಗೂ ಹಕ್ಕು ಇದೆ. ಬರೀ ಕೇಬಲ್ ಕದಿಯುವವನ ಮೇಲೆ ಆ ಹಕ್ಕು ಇಲ್ಲ. ಓಡಿಹೋಗುವವನ ಬೆನ್ನಿಗೆ ಹಾರಿಸಿದರೆ ನಾನಂತೂ ಕೋರ್ಟಿನಲ್ಲಿ ನಿಂತು ಸುಲಭವಾಗಿ ಬಿಡಿಸಿಕೊಡಲಾರೆ. 37ನೇ ಸೆಕ್ಷನ್ ಇನ್ನೂ ಒಂದು ಮಾತು ಹೇಳುತ್ತದೆ. ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಈ ಹಕ್ಕು ಇಲ್ಲ, ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತೆಯೂ ಇಲ್ಲ. ಕತ್ತಲಲ್ಲಿ, ಗಾಬರಿಯಲ್ಲಿ, 66 ವರ್ಷದ ಮನುಷ್ಯ ಇದೆಲ್ಲ ಲೆಕ್ಕ ಹಾಕಬೇಕು.

ಕಮಲಾಪುರ ಬಾಳೆ

ನಮ್ಮ ಮಾವನವರ ಹತ್ತಿರ ಬಂದೂಕು ಇದೆ. ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ಸಲವೂ ಒಪ್ಪಿಸಿದರು. ಬಂದೂಕನ್ನೇ ನಂಬಿಕೊಂಡರೆ ಆ ದಿನಗಳಲ್ಲಿ ಏನು ಮಾಡುವುದು? ಮಾವನವರು ಎರಡು ಮುಧೋಳ ನಾಯಿ ಸಾಕಿದ್ದಾರೆ. ನಾಯಿಯನ್ನು ಯಾರೂ ಜಮಾ ಮಾಡು ಅನ್ನುವುದಿಲ್ಲ.

ಯಾದಗಿರಿ ಕೋಟೆ

ಮುಧೋಳ ನಾಯಿ ಓಟಕ್ಕೆ, ಬೇಟೆಗೆ. ಕಾವಲಿಗೆ ನಮ್ಮ ಊರ ನಾಯಿಯೇ ಮೇಲು. ಒಂದು ರೊಟ್ಟಿ ಹಾಕಿದರೆ ಜೀವ ಕೊಡುತ್ತದೆ.

ಕಮಲಾಪುರ ಬಾಳೆ

ಒಂದು ಸಲ ನಮ್ಮ ತೋಟಕ್ಕೆ ರಾತ್ರಿ ಬಂದು ನೋಡಿ, ಆಮೇಲೆ ಹೇಳಿ. ಕಾಂಪೌಂಡ್ ಹತ್ತಿರ ಹೆಜ್ಜೆ ಇಟ್ಟರೆ ಸಾಕು ಎರಡೂ ಎದ್ದು ನಿಲ್ಲುತ್ತವೆ.

ಶಹಾಬಾದ್ ಫರಸಿ

ನಾಯಿಗೆ ವಿಷ ಹಾಕುತ್ತಾರೆ. ನಮ್ಮ ಊರಲ್ಲಿ ಆಗಿದೆ. ಬಾಗಿಲಿಗೆ ಮೊದಲು ಗ್ರಿಲ್ ಹಾಕಿಸಿ. ಚೌಕಟ್ಟಿನ ಕಬ್ಬಿಣ ಗೋಡೆಯೊಳಗೆ ಒಂದು ಗೇಣು ಹೋಗಿರಬೇಕು. ನಿಮ್ಮ ಚಿಲಕ ಹಳೆಯ ಕೊಂಡಿ ಚಿಲಕವಾ?

ಆಳಂದ ರಸ್ತೆ

ಹೌದು ಕಾಕಾ, ಅಜ್ಜನ ಕಾಲದ್ದು.

ಶಹಾಬಾದ್ ಫರಸಿ

ಹಾಗಾದ್ರೆ ನಾಳೆಯೇ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿ. ಲೈಸೆನ್ಸ್ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಪಟ್ಟಿ ಒಂದು ಮಧ್ಯಾಹ್ನದ ಕೆಲಸ.

ಆಳಂದ ರಸ್ತೆ

ನಿನ್ನೆ ಹೊಲಕ್ಕೆ ಹೋಗಿ ಅಪ್ಪನ ಮುಂದೆ ನಿಮ್ಮ ಮಾತೆಲ್ಲ ಓದಿ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಎದ್ದು ಹಾರೆಯನ್ನು ಬಂದೂಕಿನಂತೆ ಭುಜಕ್ಕೆ ಎತ್ತಿ ತೋರಿಸಿದರು. ಬಲಗೈ ಪೂರ್ತಿ ಮೇಲೆ ಏಳಲಿಲ್ಲ. ಎರಡು ವರ್ಷದಿಂದ ಭುಜ ನೋವಿದೆ ಅಂತ ಆಗ ಹೇಳಿದರು. ನನಗೆ ಗೊತ್ತೇ ಇರಲಿಲ್ಲ. ಬಟ್ ಎಷ್ಟು ಗಿಡ್ಡ ಮಾಡಿದರೂ ಆ ಭುಜ 12 ಬೋರ್ ಒದೆತ ತಡೆಯುವುದಿಲ್ಲ.

ಅವ್ವ ಬೇರೆಯೇ ಮಾತು ಹೇಳಿದಳು. ಶೆಡ್ಡಿನ ಮಕ್ಕಳ ವಿಷಯ ಕೇಳಿ, ಬಂದೂಕು ಬಂದರೆ ತಾನು ಈ ಮನೆಯಲ್ಲಿ ಮಲಗುವುದಿಲ್ಲ ಅಂದಳು. ಅಪ್ಪನಿಗೆ ಮಾತ್ರ ಇನ್ನೂ ಮನಸ್ಸಿದೆ. ಪೊಲೀಸರ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ನಾನು ಹೋಗಿ ಬರಲಿ, ಆಮೇಲೆ ನೋಡೋಣ ಅಂದಿದ್ದಾರೆ. ಅರ್ಜಿ ತಂದಿದ್ದೇನೆ. ಕಲಿಯುವುದಂತೂ ಕಲಿಯುತ್ತೇನೆ.

ಅಡ್ಡಪಟ್ಟಿ ಎರಡೂ ಬಾಗಿಲಿಗೆ ಹಾಕಿಸಿದೆ. ರಾತ್ರಿ ನಾನೂ ಅಲ್ಲೇ ಮಲಗಿದ್ದೆ. ಅವ್ವ ಐದು ಗಂಟೆವರೆಗೆ ಏಳಲಿಲ್ಲ.

ಡಾಲಸ್ ಕನ್ನಡಿಗ

ತಮ್ಮಾ, ಭುಜಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ಖರ್ಚು ನಾನು ಕಳಿಸುತ್ತೇನೆ. ನಾಲ್ಕು ಮೂಲೆಗೆ ಸೋಲಾರ್ ದೀಪವೂ ಹಾಕಿಸು, ಯಾರಾದರೂ ಹತ್ತಿರ ಬಂದರೆ ತಾನೇ ಹತ್ತುವಂಥದ್ದು.

ಸೇಡಂ ಬಿಸಿಲು

ದೀಪ ಹಾಕಿಸುವಾಗ ಎತ್ತರಕ್ಕೆ ಹಾಕಿಸಿ. ನಮ್ಮ ಹೊಲದಲ್ಲಿ ಕೈಗೆ ಎಟಕುವಂತೆ ಹಾಕಿದ್ದೆವು, ಮೊದಲು ಕದ್ದದ್ದೇ ಅದನ್ನು.

ಆಳಂದ ರಸ್ತೆ

ಸರಿ ಅಣ್ಣಾ. ಎಷ್ಟು ಅಡಿ ಎತ್ತರ ಬೇಕಾದೀತು?

ಸೇಡಂ ಬಿಸಿಲು

ಹನ್ನೆರಡು ಸಾಕು. ಕಂಬ ನಮ್ಮಲ್ಲಿ ಎರಡು ಉಳಿದಿವೆ, ಭಾನುವಾರ ಗಾಡಿ ತಗೊಂಡು ಬನ್ನಿ.